ಕಟ್ಟಿದ್ದು ಯಾರು, ಕಟ್ಟಿಕೊಂಡದ್ದು ಯಾರು?

(ಮುಂಬಯಿಯ ಮಾಟುಂಗದಲ್ಲಿ ಕನ್ನಡಿಗರ ಒಂದು ಸಂಜೆ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ)

ಮೂವತ್ತು ವರ್ಷ ಈ ಊರಿನ ಕನ್ನಡ ಶಾಲೆಯಲ್ಲಿ ಪಾಠ ಹೇಳಿದವಳು ನಾನು. ಪರೀಕ್ಷೆಯಲ್ಲಿ ಒಂದು ಪ್ರಶ್ನೆ ತಪ್ಪದೆ ಇರುತ್ತಿತ್ತು: ಈ ಪದವನ್ನು ಸ್ವಂತ ವಾಕ್ಯದಲ್ಲಿ ಬಳಸಿರಿ. ಒಂದು ಸಲ ಐದನೇ ಕ್ಲಾಸಿಗೆ ‘ಕಟ್ಟು’ ಅಂತ ಕೊಟ್ಟೆ. ಸುಲಭದ ಪದ, ಎಲ್ಲರೂ ‘ಅವರು ಮನೆ ಕಟ್ಟಿದರು’ ಅಂತ ಬರೆಯುತ್ತಾರೆ, ಬೇಗ ತಿದ್ದಿ ಮುಗಿಸಬಹುದು ಅನ್ನೋದು ನನ್ನ ಲೆಕ್ಕ.

ಪತ್ರಿಕೆ ತೆರೆದು ನೋಡಿದರೆ ಮನೆ ಕಟ್ಟಿದವರು ಇಬ್ಬರೋ ಮೂವರೋ. ಉಳಿದವರು ಬರೆದದ್ದು ಕೇಳಿ. ‘ಅಪ್ಪ ಹೋಟೆಲಿನಲ್ಲಿ ಪಾರ್ಸೆಲ್ ಕಟ್ಟುತ್ತಾರೆ.’ ‘ಊರಲ್ಲಿ ಅಜ್ಜಿ ಬೀಡಿ ಕಟ್ಟುತ್ತಾರೆ.’ ‘ಮಳೆ ಬಂದರೆ ನಮ್ಮ ಚಾಳಿನ ಮುಂದೆ ನೀರು ಕಟ್ಟುತ್ತದೆ.’ ‘ಅಣ್ಣ ಕಾಲೇಜಿಗೆ ಫೀ ಕಟ್ಟಿದ.’ ‘ನನಗೆ ಮೂಗು ಕಟ್ಟಿದೆ.’ ಒಬ್ಬ ಹುಡುಗನಂತೂ ಹೀಗೆ ಬರೆದಿದ್ದ: ‘ನಿನ್ನ ಅಪ್ಪನನ್ನು ಕಟ್ಟಿಕೊಂಡು ನನಗೆ ಸಾಕಾಯಿತು ಎಂದು ಅಮ್ಮ ಹೇಳುತ್ತಾಳೆ.’ ಪೂರ್ತಿ ಅಂಕ ಕೊಟ್ಟೆ. ವ್ಯಾಕರಣದಲ್ಲಿ ಒಂದು ತಪ್ಪೂ ಇರಲಿಲ್ಲ.

ಅವತ್ತು ರಾತ್ರಿ ಕೂತು ಆಲೋಚನೆ ಮಾಡಿದೆ. ಪಾರ್ಸೆಲ್ಲಿಗೂ ಮೂಗಿಗೂ ಏನು ಸಂಬಂಧ? ಕಾಲೇಜಿನ ಫೀಗೂ ಚಾಳಿನ ನೀರಿಗೂ? ಆದರೂ ಈ ಮಕ್ಕಳು ಒಂದು ಕ್ಷಣವೂ ಗೊಂದಲಪಟ್ಟಿಲ್ಲ. ಇವತ್ತು ನಾನು ಮಾತಾಡುವುದು ಇದರ ಬಗ್ಗೆ ಮಾತ್ರ. ಒಂದೇ ಪದ. ಎರಡಕ್ಷರ, ನಡುವೆ ಒಂದು ಒತ್ತು.

ಮೊದಲು ಒಂದು ಸಣ್ಣ ಭೇದ ಹೇಳಿಬಿಡುತ್ತೇನೆ. ‘ಕರಿ’ ಅನ್ನಿ. ಕರಿ ಅಂದರೆ ಕಪ್ಪು, ಕರಿ ಅಂದರೆ ಎಣ್ಣೆಯಲ್ಲಿ ಕರಿಯುವುದು, ಹಳೆಗನ್ನಡ ಓದಿದವರಿಗೆ ಕರಿ ಅಂದರೆ ಆನೆ. ಇದು ಒಂದು ಪದದ ಮೂರು ಅರ್ಥ ಅಲ್ಲ. ಮೂರು ಬೇರೆ ಪದಗಳು ಒಂದೇ ಅಂಗಿ ಹಾಕಿಕೊಂಡು ಬಂದಿವೆ. ಆನೆಯ ಕರಿ ಸಂಸ್ಕೃತದ್ದು, ಕರ ಅಂದರೆ ಸೊಂಡಿಲು, ಅದು ಇರುವುದು ಕರಿ. ‘ಕಟ್ಟು’ ಹಾಗಲ್ಲ. ಇದು ಒಬ್ಬಳೇ ಹೆಂಗಸು ಮನೆಯಲ್ಲಿ ತಾಯಿ, ಆಫೀಸಿನಲ್ಲಿ ಮೇಡಂ, ತವರಿನಲ್ಲಿ ಮಗಳು ಆದ ಹಾಗೆ. ಮಂಗಳೂರಿನ ಬಾಸೆಲ್ ಮಿಷನ್ 1894ರಲ್ಲಿ ಅಚ್ಚು ಹಾಕಿದ ಕಿಟ್ಟೆಲರ ನಿಘಂಟು ತೆಗೆದು ನೋಡಿ. ಈ ಪದಕ್ಕೆ ಅರ್ಥದ ಮೇಲೆ ಅರ್ಥ ಸಿಗುತ್ತದೆ. ಕಿಟ್ಟೆಲರು ಜರ್ಮನಿಯವರು, ಕಲಿತ ಕನ್ನಡ. ನಮಗೆ ಕಾಣದೆ ಹೋಗುವುದು ಕಲಿತು ಬಂದವರಿಗೇ ಜಾಸ್ತಿ ಕಾಣುತ್ತದೆ.

ಅರ್ಥ ಎಷ್ಟು ಅಂತ ಎಣಿಸುವುದಕ್ಕೆ ನನ್ನದೊಂದು ಮನೆಮದ್ದು ಇದೆ. ಎದುರು ಪದ ಕೇಳಿ. ಗಂಟು ಕಟ್ಟಿದರೆ ಬಿಚ್ಚುತ್ತೀರಿ. ಮನೆ ಕಟ್ಟಿದರೆ ಕೆಡವುತ್ತೀರಿ. ಫೀ ಕಟ್ಟದಿದ್ದರೆ ಬಾಕಿ. ಮೂಗು ಕಟ್ಟಿದ್ದು ಬಿಡುತ್ತದೆ. ಮೋಡ ಕಟ್ಟಿದ್ದು ಚದುರುತ್ತದೆ. ಸಂಘ ಕಟ್ಟಿದರೆ... ಹೇಳಿ ನೋಡೋಣ. ಹೌದು, ಒಡೆಯುತ್ತದೆ. ಮುಂಬಯಿಯಲ್ಲಿದ್ದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ‘ಒಗ್ಗಟ್ಟು’ ಅನ್ನುವ ಪದದೊಳಗೂ ಇದೇ ಕಟ್ಟು ಕೂತಿದೆ, ಒಂದೇ ಕಟ್ಟಾಗಿ ಇರುವುದು ಒಗ್ಗಟ್ಟು. ಇನ್ನು ಹಾಡು ಕಟ್ಟಿದರೆ? ಅದಕ್ಕೆ ಎದುರು ಪದವೇ ಇಲ್ಲ. ಒಮ್ಮೆ ಕಟ್ಟಿದ ಹಾಡನ್ನು ಬಿಚ್ಚಲಿಕ್ಕೂ ಆಗುವುದಿಲ್ಲ, ಕೆಡವಲಿಕ್ಕೂ ಆಗುವುದಿಲ್ಲ.

ಎದುರು ಪದ ಬದಲಾದ ಕಡೆಯಲ್ಲೆಲ್ಲ ಅರ್ಥ ಬದಲಾಗಿದೆ. ಆದರೆ ಎಲ್ಲದರ ಅಡಿಯಲ್ಲಿ ಒಂದೇ ಕೆಲಸ ಇದೆ. ಬಿಡಿಬಿಡಿಯಾಗಿ ಇದ್ದದ್ದು ಒಟ್ಟಾಗುತ್ತದೆ, ಒಟ್ಟಾದದ್ದು ಅಲ್ಲಾಡದೆ ನಿಲ್ಲುತ್ತದೆ. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಈಗ ಮನೆಯ ವಿಚಾರ. ದಾರದಲ್ಲಿ ಹೂ ಕಟ್ಟುವುದಕ್ಕೂ ಇಟ್ಟಿಗೆಯಲ್ಲಿ ಮನೆ ಕಟ್ಟುವುದಕ್ಕೂ ಒಂದೇ ಪದ ಯಾಕೆ? ನಾನು ಹುಟ್ಟಿದ್ದು ಉಡುಪಿ ಕಡೆ. ನನ್ನ ಅಜ್ಜನ ಕೊಟ್ಟಿಗೆಯನ್ನು ನಿಜವಾಗಿ ಕಟ್ಟಿಯೇ ಮಾಡಿದ್ದು. ಅಡಿಕೆ ಮರದ ಕಂಬ, ಬಿದಿರಿನ ಗಳ, ಮೇಲೆ ಮುಳಿಹುಲ್ಲು, ಎಲ್ಲ ಕಡೆ ಹಗ್ಗ ಮತ್ತು ಬಳ್ಳಿ. ಒಂದು ಮೊಳೆ ಇರಲಿಲ್ಲ. ಇಟ್ಟಿಗೆ, ಸಿಮೆಂಟು ಬಂದದ್ದು ಆಮೇಲೆ. ಹಗ್ಗ ಹೋಯಿತು, ಪದ ಉಳಿಯಿತು. ನನಗೆ ಕಾಣುವುದು ಹೀಗೆ.

ಹಳ್ಳಿಗೆ ಹೋಗಿ ಯಾಕೆ ನೋಡಬೇಕು? ಇಲ್ಲೇ ಹೊರಗೆ ಬಂದು ತಲೆ ಎತ್ತಿ. ರಿಪೇರಿಗೆ ಇಟ್ಟ ಹಳೇ ಕಟ್ಟಡದ ಸುತ್ತ ಏನಿದೆ? ಬಿದಿರಿನ ಸಾರುವೆ. ಇಲ್ಲಿಯವರು ಪರಾಂಚಿ ಅನ್ನುತ್ತಾರೆ. ಐದಾರು ಮಾಳಿಗೆ ಎತ್ತರಕ್ಕೆ ಬಿದಿರಿಗೆ ಬಿದಿರು ಹಗ್ಗದಲ್ಲಿ ಕಟ್ಟಿ ನಿಲ್ಲಿಸಿರುತ್ತಾರೆ. ಗಣಪತಿ ಮಂಟಪದ ಚಪ್ಪರವೂ ಹಾಗೆಯೇ. ಕಟ್ಟಡ ಕಟ್ಟುವ ಮೊದಲು ಕಟ್ಟಬೇಕಾದದ್ದು ಸಾರುವೆ.

ಮರಾಠಿಯವರ ಹತ್ತಿರವೂ ಇದೇ ಲೆಕ್ಕ. ಅವರು ಗಂಟನ್ನೂ ಬಾಂಧತಾರೆ, ಮನೆಯನ್ನೂ ಬಾಂಧತಾರೆ. ದಹಿಹಂಡಿಯ ದಿವಸ ಮಡಕೆಯನ್ನೂ ಬಾಂಧತಾರೆ. ಗೋವಾದ ಕೊಂಕಣಿಯಲ್ಲೂ ಮನೆ ಬಾಂಧುವುದೇ. ಹಿಂದಿಯವರು ಮಾತ್ರ ಮನೆಯನ್ನು ‘ಬನಾ’ಯಿಸುತ್ತಾರೆ, ರೊಟ್ಟಿ ಮಾಡಿದ ಹಾಗೆ. ಅವರಲ್ಲಿ ಬಾಂಧುವುದು ಹೊಗಳಿಕೆಯ ಸೇತುವೆ, ‘ತಾರೀಫ್ ಕೇ ಪುಲ್’, ಅಂದರೆ ಬಾಯ್ತುಂಬ ಹೊಗಳುವುದು! ಇಂಗ್ಲಿಷಿನಲ್ಲಿ ಗಂಟಿಗೆ ಒಂದು, ಮನೆಗೆ ಒಂದು, ಫೀಗೆ ಮತ್ತೊಂದು, ಮೂಗಿಗೆ ಬೇರೆಯೇ ಒಂದು. ನನ್ನ ಮೊಮ್ಮಗಳು ಇಂಗ್ಲಿಷ್ ಶಾಲೆಯವಳು, ಅವಳಿಗೆ ನಾಲ್ಕು ಪದ ಬೇಕು.

ಇಂಗ್ಲಿಷಿಗೆ ನಾವು ಕೊಟ್ಟದ್ದೂ ಇದೆ. ನಾವು ಅಂದರೆ ನಮ್ಮ ಪಕ್ಕದ ಮನೆಯ ತಮಿಳರು, ಅವರಲ್ಲೂ ಕಟ್ಟು ಕಟ್ಟುವೇ. ಗೇಟ್‌ವೇಯಿಂದ ಮಾಂಡವಾಕ್ಕೆ ಹೋಗುವ ಕ್ಯಾಟಮರಾನ್ ಹತ್ತಿದ್ದೀರಲ್ಲ? ಅದು ತಮಿಳಿನ ಕಟ್ಟುಮರಂ. ಮರದ ದಿಮ್ಮಿಗಳನ್ನು ಹಗ್ಗದಲ್ಲಿ ಕಟ್ಟಿದ ತೆಪ್ಪ. ಇಂಜಿನಿಯರುಗಳು ಹೇಳುವ ‘ಅನಿಕಟ್’ ಕೂಡ ತಮಿಳಿನ ಅಣೈಕಟ್ಟು, ನಮ್ಮ ಅಣೆಕಟ್ಟು. ಎಸಿ ಹಾಕಿದ ದೋಣಿಯಲ್ಲಿ ಕೂತು ಹೋಗುವಾಗ ಹೆಸರಿನಲ್ಲಿ ಇನ್ನೂ ಹಗ್ಗ ಇದೆ, ಅಲ್ವಾ!

ಈಗ ದುಡ್ಡಿನ ಕಟ್ಟು. ಇದರಲ್ಲಿ ನಮ್ಮ ಮನೆಯಲ್ಲೇ ಎರಡು ಪಂಗಡ. ನನ್ನ ಗಂಡನ ಮನೆಯವರು ವಿಜಯಪುರದ ಕಡೆಯವರು. ಮದುವೆಯಾಗಿ ಬಂದ ಹೊಸತರಲ್ಲಿ ಒಂದು ದಿನ ಹೊರಗಿನಿಂದ ಬಂದೆ. ಅತ್ತೆ ಕೇಳಿದರು, “ಎಲ್ಲಿಗೆ ಹೋಗಿದ್ದಿವಾ?” ನಾನು “ಲೈಟ್ ಬಿಲ್ ಕಟ್ಟಿ ಬಂದೆ ಅತ್ತೆ” ಅಂದೆ. ಅವರು ನನ್ನ ಮುಖ ನೋಡಿದರು. “ಬಿಲ್ಲ ಯಾಕ ಕಟ್ಟಿದಿ? ತುಂಬಲಿಲ್ಲೇನು?” ಅವರ ಕಡೆ ಬಿಲ್ ತುಂಬುತ್ತಾರೆ, ಫೀ ತುಂಬುತ್ತಾರೆ. ಮರಾಠಿಯವರು ಹೇಳುವ ಭರಣೆ ಇದೆಯಲ್ಲ, ಅದೇ ದಾರಿ. ನಮ್ಮ ಕಡೆ ತುಂಬುವುದು ಚೀಲ, ಕೊಡಪಾನ. ಮೂವತ್ತು ವರ್ಷ ಒಂದೇ ಮನೆಯಲ್ಲಿ ಅವರು ತುಂಬಿದರು, ನಾನು ಕಟ್ಟಿದೆ. ಲೈಟ್ ಹೋಗಲಿಲ್ಲ.

ಆದರೆ ಒಂದು ಸೂಕ್ಷ್ಮ ನೋಡಿ. ಎಲ್ಲ ದುಡ್ಡನ್ನೂ ನಾವು ಕಟ್ಟುವುದಿಲ್ಲ. ಭಾಜಿಯವಳಿಗೆ ದುಡ್ಡು ಕೊಡುತ್ತೇವೆ. ರಿಕ್ಷಾದವನಿಗೆ ಕೊಡುತ್ತೇವೆ. ‘ತರಕಾರಿಗೆ ದುಡ್ಡು ಕಟ್ಟಿದೆ’ ಅಂದರೆ ಯಾರಿಗಾದರೂ ನಗು ಬರುತ್ತದೆ. ಕಟ್ಟುವುದು ಏನನ್ನು? ಫೀ, ತೆರಿಗೆ, ಕಂತು, ಬಡ್ಡಿ, ದಂಡ, ಪಾಲಿಸಿ, ಚೀಟಿ. ಒಂದು ಲೆಕ್ಕದ ಪುಸ್ತಕ ಇರಬೇಕು, ಅದರಲ್ಲಿ ನಿಮ್ಮ ಹೆಸರಿರಬೇಕು, ನೀವು ಅದಕ್ಕೆ ಬಿದ್ದಿರಬೇಕು. ಮನೆ ಬಾಡಿಗೆ ಇದೆಯಲ್ಲ, ಅದು ಎರಡರ ನಡುವೆ ತೂಗುತ್ತದೆ. ಮನೆಯ ಯಜಮಾನ ಪಕ್ಕದಲ್ಲೇ ಇದ್ದರೆ ಅವನ ಕೈಗೆ ಬಾಡಿಗೆ ಕೊಡುತ್ತೀರಿ. ಅವನು ಬ್ಯಾಂಕ್ ಖಾತೆ ನಂಬರ್ ಕೊಟ್ಟು ದೂರ ಹೋದರೆ ಬಾಡಿಗೆ ಕಟ್ಟುತ್ತೀರಿ. ಇದನ್ನು ನಿಮಗೆ ಯಾರೂ ಕಲಿಸಿಲ್ಲ. ನಾನೂ ಶಾಲೆಯಲ್ಲಿ ಕಲಿಸಿದ್ದಿಲ್ಲ.

ದುಡ್ಡಿಗೆ ಕಟ್ಟು ಬಂದದ್ದು ಎಲ್ಲಿಂದ ಅಂತ ಕೇಳಿದರೆ ನನಗೆ ನೆನಪಾಗುವುದು ಮುಡಿಪು. ಕಾಯಿಲೆ ಬಿದ್ದಾಗ ನನ್ನ ಅಮ್ಮ ಒಂದು ರೂಪಾಯಿಯನ್ನು ಅರಿಸಿನದ ಬಟ್ಟೆಯಲ್ಲಿ ಕಟ್ಟಿ ದೇವರ ಮುಂದೆ ಇಡುತ್ತಿದ್ದಳು. ತಿರುಪತಿಗೋ ಧರ್ಮಸ್ಥಳಕ್ಕೋ ಹೋದಾಗ ಒಪ್ಪಿಸಲಿಕ್ಕೆ. ಆ ರೂಪಾಯಿ ಇನ್ನು ನಮ್ಮದಲ್ಲ. ಎಷ್ಟೇ ಕಷ್ಟ ಬಂದರೂ ಬಿಚ್ಚುವ ಹಾಗಿಲ್ಲ. ಕಟ್ಟಿದ ದುಡ್ಡು ಅಂದರೆ ಅದು. ಇನ್ನು ಮಹಾಲಕ್ಷ್ಮಿಯ ರೇಸ್‌ಕೋರ್ಸ್ ಕಡೆ ಹೋಗುವ ಕೆಲವರು ಕುದುರೆ ಬಾಲಕ್ಕೆ ಕಟ್ಟುವುದೂ ಇದೆ. ಅದು ವಾಪಸು ಬರದೇ ಇರುವುದರಲ್ಲಿ ಮುಡಿಪಿನ ಹಾಗೆಯೇ. ಪುಣ್ಯ ಮಾತ್ರ ಇಲ್ಲ.

ಇಲ್ಲಿಯವರೆಗೆ ಯಾರೋ ಒಬ್ಬರು ಕಟ್ಟುತ್ತಿದ್ದರು. ಕಟ್ಟುವವರೇ ಇಲ್ಲದ ಕಟ್ಟು ಇನ್ನೊಂದಿದೆ. ಮೂಗು ಕಟ್ಟಿತು, ಗಂಟಲು ಕಟ್ಟಿತು, ಹಾಲಿನ ಮೇಲೆ ಕೆನೆ ಕಟ್ಟಿತು, ಜೋಳ ಕಾಳು ಕಟ್ಟಿತು, ಮೋಡ ಕಟ್ಟಿತು. ಇವುಗಳಲ್ಲಿ ಅರ್ಧ ಸುಖ, ಅರ್ಧ ಕಷ್ಟ. ಕಾಳು ಕಟ್ಟಿದರೆ ರೈತ ನಗುತ್ತಾನೆ, ಮೂಗು ಕಟ್ಟಿದರೆ ಡಾಕ್ಟರು ನಗುತ್ತಾರೆ. ನೀರಿನದ್ದು ಇನ್ನೂ ಚೆಂದ. ಹಳೆ ಮೈಸೂರು ಕಡೆಯವರು ಗದ್ದೆಗೆ ‘ನೀರು ಕಟ್ಟಲಿಕ್ಕೆ’ ಹೋಗುತ್ತಾರೆ. ಮಡಿಯಿಂದ ಮಡಿಗೆ ನೀರು ತಿರುಗಿಸಿ ಹಾಯಿಸುವುದು, ನೀರು ಓಡಬೇಕು. ನಮ್ಮ ದಾದರಿನ ಹಿಂದ್‌ಮಾತಾದಲ್ಲಿ ಜುಲೈ ತಿಂಗಳು ‘ನೀರು ಕಟ್ಟುತ್ತದೆ’. ಅಲ್ಲಿ ನೀರು ಓಡುವುದೇ ಇಲ್ಲ. ಅದೇ ಎರಡು ಪದ, ಒಂದರಲ್ಲಿ ನೀರು ಹರಿಯುತ್ತದೆ, ಇನ್ನೊಂದರಲ್ಲಿ ನಿಲ್ಲುತ್ತದೆ.

ಮೈಯ ಅಂಗಗಳ ಜೊತೆ ಸೇರಿದರೆ ಈ ಪದ ಇನ್ನೂ ಆಟ ಆಡುತ್ತದೆ. ಕಣ್ಣು ಕಟ್ಟಿದ ಅಂದರೆ ಮೋಸ ಮಾಡಿದ, ಜಾದೂ ಮಾಡಿದ. ಕಣ್ಣಿಗೆ ಕಟ್ಟಿದ ಹಾಗೆ ಹೇಳಿದ ಅಂದರೆ ಇದ್ದದ್ದನ್ನು ಇದ್ದ ಹಾಗೆ ತೋರಿಸಿದ. ನಡುವೆ ಇರುವುದು ಒಂದು ‘ಗೆ’. ಕೈ ಕಟ್ಟಿ ಕೂತವನು ಸೋಮಾರಿ, ಕೈ ಕಟ್ಟಿ ನಿಂತವನು ವಿನಯವಂತ. ಕೂರುವುದಕ್ಕೂ ನಿಲ್ಲುವುದಕ್ಕೂ ಇಷ್ಟು ವ್ಯತ್ಯಾಸ! ಟೊಂಕ ಕಟ್ಟಿದವನು ಕೆಲಸಕ್ಕೆ ಇಳಿದವನು. ಮತ್ತೆ ಹೊಟ್ಟೆ ಬಟ್ಟೆ ಕಟ್ಟಿದವರು. ಈ ಸಭೆಯಲ್ಲಿ ಕೂತಿರುವ ಎಷ್ಟೋ ಜನರ ಅಪ್ಪ ಅಮ್ಮ ಅವರೇ. ಹಗಲು ಹೋಟೆಲಿನಲ್ಲಿ ಮೇಜು ಒರೆಸಿ, ರಾತ್ರಿ ಶಾಲೆಯಲ್ಲಿ ಪುಸ್ತಕ ಹಿಡಿದು, ಊರಿಗೆ ಮನಿಯಾರ್ಡರ್ ಮಾಡಿದವರು. ಅತ್ತ ಊರಲ್ಲಿ ಅವರ ಅಕ್ಕ ತಂಗಿಯರು ಬೀಡಿ ಕಟ್ಟುತ್ತಿದ್ದರು. ಆ ಮಕ್ಕಳ ಪತ್ರಿಕೆಯಲ್ಲಿ ಪಾರ್ಸೆಲ್ಲೂ ಬೀಡಿಯೂ ಅಕ್ಕಪಕ್ಕ ಬಂದದ್ದು ಸುಮ್ನೆ ಅಲ್ಲ.

ಯಕ್ಷಗಾನದವರನ್ನು ಬಿಟ್ಟರೆ ನಮ್ಮೂರಿನವರು ನನ್ನನ್ನು ಬಿಡುವುದಿಲ್ಲ. ವೇಷ ಹಾಕುವುದು ನಾಟಕದವರು, ಯಕ್ಷಗಾನದಲ್ಲಿ ವೇಷ ಕಟ್ಟುತ್ತಾರೆ. ಬಣ್ಣ ಹಚ್ಚಿ ಸಿದ್ಧರಾಗುವ ಚೌಕಿಯಲ್ಲಿ ಒಮ್ಮೆ ಕೂತು ನೋಡಿ, ಆ ಮಾತು ಯಾಕೆ ಅಂತ ಗೊತ್ತಾಗುತ್ತದೆ. ಹಗ್ಗ, ದಾರ, ಪಟ್ಟಿ, ಗಂಟು, ಮೈಯೆಲ್ಲ ಬಿಗಿತ. ಗೆಜ್ಜೆ ಕಟ್ಟುವುದೂ ಹಾಗೆ. ಮೇಳದ ತಿರುಗಾಟ ಮುಗಿದು, ಬೇಸಿಗೆಯ ಕೊನೆಗೆ ಬರುವ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚಿದರೆ ಆ ವರ್ಷಕ್ಕೆ ಮುಗಿಯಿತು. ತುಳುನಾಡಿನಲ್ಲಿ ಭೂತವನ್ನೂ ಕಟ್ಟುತ್ತಾರೆ. ಅಲ್ಲಿ ಕಟ್ಟಿದ ಮೇಲೆ ಅವನು ಪಕ್ಕದ ಮನೆಯ ಅಣ್ಣ ಅಲ್ಲ, ಅವನ ಮುಂದೆ ನಾವು ಕೈ ಕಟ್ಟಿ ನಿಲ್ಲಬೇಕು.

ಇನ್ನು ಈ ಊರು. ಮುಂಬಯಿಯನ್ನು ಕಟ್ಟಿದ್ದು ಅಂತ ಹೇಳುವಾಗ ಕನ್ನಡದ ಎರಡೂ ಅರ್ಥ ಒಟ್ಟಿಗೆ ಕೂಡಿಬರುತ್ತವೆ. ಇದು ಮೊದಲು ಏಳು ದ್ವೀಪ. ಉಬ್ಬರ ಬಂದರೆ ನಡುವೆ ಸಮುದ್ರ ನುಗ್ಗುತ್ತಿತ್ತು. 1780ರ ದಶಕದಲ್ಲಿ ವರ್ಲಿ ಕಡೆಯ ಬಾಯಿಗೆ ಕಲ್ಲಿನ ಒಡ್ಡು ಹಾಕಿದರು, ಹಾರ್ನ್‌ಬಿ ವೆಲಾರ್ಡ್ ಅಂತ ಅದರ ಹೆಸರು. ಹಾಜಿ ಅಲಿ ಪಕ್ಕದಲ್ಲಿ ಬಸ್ಸಿನಲ್ಲಿ ಹೋಗುವಾಗ ನೀವು ಆ ಒಡ್ಡಿನ ಮೇಲೇ ಇರುತ್ತೀರಿ. ಮಾಹಿಮಿನಿಂದ ಬಾಂದ್ರಾಕ್ಕೆ ದೋಣಿಯಲ್ಲಿ ಹೋಗಬೇಕಿತ್ತು, ಮಳೆಗಾಲದಲ್ಲಿ ದೋಣಿ ಮುಳುಗುತ್ತಿತ್ತು. ಅಲ್ಲಿಯ ಕಾಸ್‌ವೇಗೆ ದುಡ್ಡು ಕೊಟ್ಟದ್ದು ಜಮಶೇಟ್‌ಜಿ ಜೀಜೀಭಾಯಿಯವರ ಹೆಂಡತಿ ಆವಾಬಾಯಿ. 1845ರಲ್ಲಿ ಅದು ಮುಗಿಯಿತು. ಇಲ್ಲಿಂದ ಸ್ವಲ್ಪ ದೂರದ ಲೇಡಿ ಜಮಶೇಟ್‌ಜಿ ರಸ್ತೆ ಅವರದ್ದೇ ಹೆಸರು. ದ್ವೀಪಕ್ಕೆ ದ್ವೀಪ ಕಟ್ಟಿದರು, ಆಮೇಲೆ ಅದರ ಮೇಲೆ ಊರು ಕಟ್ಟಿದರು. 2009ರಲ್ಲಿ ತೆರೆದ ಬಾಂದ್ರಾ-ವರ್ಲಿ ಸೀ ಲಿಂಕ್ ಅಂತೂ ಮೊದಲಿನ ಅರ್ಥಕ್ಕೇ ವಾಪಸು ಹೋಗಿದೆ. ಕಂಬದಿಂದ ಉಕ್ಕಿನ ಹಗ್ಗ ಇಳಿಬಿಟ್ಟು ರಸ್ತೆಯನ್ನು ಅದಕ್ಕೆ ಕಟ್ಟಿದ್ದಾರೆ. ನನ್ನ ಅಜ್ಜನ ಕೊಟ್ಟಿಗೆಯ ಹಾಗೆ.

ಇಷ್ಟು ಹೇಳಿದ ಮೇಲೆ ನನಗೆ ವ್ಯಾಕರಣ ಕಲಿಸಿದ ಒಬ್ಬರ ಕತೆ ಹೇಳಬೇಕು.

ಕಟ್ಟಿದ, ಕಟ್ಟಿಸಿದ, ಕಟ್ಟಿಕೊಂಡ. ಮೂರು ರೂಪ. ಪಾಠದಲ್ಲಿ ಇದನ್ನು ಒಂದು ಸಾಲಿನಲ್ಲಿ ಮುಗಿಸುತ್ತೇವೆ. ಮಾತಿನಲ್ಲಿ ನಾವು ಇದನ್ನು ಬೇಕೆಂದ ಹಾಗೆ ಕಲಸುತ್ತೇವೆ. ನಮ್ಮ ನೆಂಟರೊಬ್ಬರು ನವಿಮುಂಬಯಿಯಲ್ಲಿ ‘ನಾನು ಮನೆ ಕಟ್ಟಿದೆ’ ಅನ್ನುತ್ತಾರೆ. ಅವರು ಒಂದು ಇಟ್ಟಿಗೆ ಮುಟ್ಟಿಲ್ಲ. ಕಟ್ಟಿಸಿದ್ದು ಅನ್ನಬೇಕು. ಆದರೆ ಸಾಲದ ಕಂತು ಅವರೇ ಕಟ್ಟುತ್ತಿದ್ದಾರೆ, ಅದರಿಂದ ‘ಕಟ್ಟಿದೆ’ ಅಂದರೂ ಸುಳ್ಳಲ್ಲ ಬಿಡಿ.

ನನ್ನ ಕ್ಲಾಸಿನಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಬಂದ ಕೂಲಿಯವರ ಮಕ್ಕಳು ಬಹಳ ಇದ್ದರು. ಅಪ್ಪ ಗೌಂಡಿ, ಅಮ್ಮ ತಲೆಯ ಮೇಲೆ ಸಿಮೆಂಟಿನ ಬುಟ್ಟಿ ಹೊರುವವಳು. ಕೆಲಸ ಮುಗಿದ ಕಡೆಯಿಂದ ಇನ್ನೊಂದು ಕಡೆಗೆ ಗಂಟು ಕಟ್ಟುವುದು ಅವರಿಗೆ ಮಾಮೂಲು. ಒಂದು ದಿನ ಹೀಗೆ ಒಬ್ಬ ಅಪ್ಪ ಮಗನ ದಾಖಲೆ ತೆಗೆದುಕೊಂಡು ಹೋಗಲಿಕ್ಕೆ ಬಂದಿದ್ದ. ಹುಡುಗ ಚೆನ್ನಾಗಿ ಓದುತ್ತಿದ್ದ, ನನಗೆ ಬೇಜಾರಾಗಿತ್ತು. ಮಾತಿಗೆ ಮಾತು ಬಂದು ಕೇಳಿದೆ, “ಈ ಊರಲ್ಲಿ ಎಷ್ಟು ಬಿಲ್ಡಿಂಗ್ ಕಟ್ಟಿದ್ದೀಯಪ್ಪ?” ಅವನು ಬೆರಳು ಮಡಚುತ್ತಾ ಎಣಿಸಿದ. ಒಂದು ಕೈ ಮುಗಿಯಿತು, ಇನ್ನೊಂದು ಕೈ ಮುಗಿಯಿತು. ಆಮೇಲೆ ಎಣಿಸುವುದು ಬಿಟ್ಟು ಹೇಳಿದ, “ಕಟ್ಟೋದು ಭಾಳ ಕಟ್ಟೀನ್ರಿ ಬಾಯಾರ. ಕಟ್ಟಿಕೊಂಡಿದ್ದು ಒಂದೂ ಇಲ್ಲ.”

ನಾನು ವರ್ಷಗಟ್ಟಲೆ ಹಲಗೆಯ ಮೇಲೆ ಬರೆದ ‘ಕೊಳ್ಳು’ ಎಂಬ ಸಹಾಯಕ ಕ್ರಿಯಾಪದದ ಅರ್ಥ ನನಗೆ ತಿಳಿದದ್ದು ಅವತ್ತು. ಮುಂದಿನ ವರ್ಷದಿಂದ ಆ ಪಾಠಕ್ಕೆ ಒಂದು ಪೂರ್ತಿ ಪೀರಿಯಡ್ ಕೊಟ್ಟೆ. ಮಕ್ಕಳಿಗೆ ಹೇಳುತ್ತಿದ್ದೆ, ಈ ಶಾಲೆ ಯಾರು ಕಟ್ಟಿದರು, ಯಾರು ಕಟ್ಟಿಸಿದರು, ಯಾರು ಕಟ್ಟಿಕೊಂಡರು, ಮೂರು ವಾಕ್ಯ ಬರೆಯಿರಿ. ಕಟ್ಟಿದವರ ಹೆಸರು ಯಾವ ಕಲ್ಲಿನ ಮೇಲೂ ಇರುವುದಿಲ್ಲ ಅಂತ ಅವರೇ ಹೋಗಿ ನೋಡಿಕೊಂಡು ಬಂದು ಹೇಳುತ್ತಿದ್ದರು.

ಕೊನೆಗೆ ನನ್ನ ಈ ಲೆಕ್ಕಕ್ಕೆ ಸಿಕ್ಕದ ಒಂದು ಕಟ್ಟು ಇದೆ. ಅದನ್ನು ಮುಚ್ಚಿಟ್ಟರೆ ಅಡುಗೆ ಮನೆಯಿಂದ ಬಂದ ನೀವೆಲ್ಲ ಎದ್ದು ಕೇಳುತ್ತೀರಿ. ಹೋಳಿಗೆಗೆ ಕಡಲೆಬೇಳೆ ಬೇಯಿಸಿ ಬಸಿಯುತ್ತೇವಲ್ಲ, ಆ ನೀರಿಗೂ ಕಟ್ಟು ಅನ್ನುತ್ತಾರೆ. ಅದರಿಂದ ಕಟ್ಟಿನ ಸಾರು. ಇಲ್ಲಿ ಯಾವುದೂ ಒಟ್ಟಾಗುತ್ತಿಲ್ಲ, ಯಾವುದೂ ನಿಲ್ಲುತ್ತಿಲ್ಲ. ಬೇಳೆಯಿಂದ ನೀರು ಬೇರೆಯಾಗಿ ಹೋಗುತ್ತಿದೆ! ತಮಾಷೆ ಅಂದರೆ ನಮ್ಮ ಪಕ್ಕದ ಮನೆಯ ಮರಾಠಿ ವಹಿನಿ ಹೋಳಿ ಹಬ್ಬಕ್ಕೆ ಪುರಣಪೋಳಿಯ ಜೊತೆ ಇದನ್ನೇ ಮಾಡುತ್ತಾರೆ, ಕಟಾಚಿ ಆಮಟಿ ಅನ್ನುತ್ತಾರೆ. ಸಾಯಂಕಾಲ ಹುಡುಗರು ಹರಟೆಗೆ ಕೂರುವ ಜಾಗ ಅವರಿಗೆ ಕಟ್ಟಾ, ನಮಗೆ ಕಟ್ಟೆ. ಕಟ್ಟೆಯ ಬಗ್ಗೆ ಜಗಳ ಇಲ್ಲ. ಸಾರಿನ ಬಗ್ಗೆ ಇತ್ತು. ಅದು ಯಾರ ಕಡೆಯದ್ದು ಅಂತ ವಹಿನಿಗೂ ನಮ್ಮ ಅತ್ತೆಗೂ ಪ್ರತಿ ಹೋಳಿ ಹಬ್ಬಕ್ಕೆ ಒಂದು ಸುತ್ತು ಆಗುತ್ತಿತ್ತು.

ಅತ್ತೆಗೆ ಪದದ ಮೂಲ ಬೇಕಾಗಿರಲಿಲ್ಲ. ಬೇಳೆ ಬೆರಳಲ್ಲಿ ಒತ್ತಿದರೆ ಮೆತ್ತಗಾಗಬೇಕು, ಆದರೆ ಕಾಳು ಒಡೆಯಬಾರದು, ಆವಾಗಲೇ ಬಸಿಯಬೇಕು ಅನ್ನುತ್ತಿದ್ದರು. ತಡವಾದರೆ ಕಟ್ಟು ಮಂದ ಆಗುತ್ತದೆ, ಹೂರಣ ನೀರಾಗುತ್ತದೆ. ಒಂದು ಮುಷ್ಟಿ ಹೂರಣ ತೆಗೆದಿಟ್ಟು ಅದನ್ನು ಆ ನೀರಿಗೇ ಕಲಸಬೇಕು. ಹುಣಸೆಹಣ್ಣು ಸ್ವಲ್ಪ ಜಾಸ್ತಿಯೇ ಇರಲಿ. ಮತ್ತೆ ಮಾಡಿದ ದಿನ ಉಣ್ಣಬೇಡಿ, ಮರುದಿನ ಉಣ್ಣಿ.